ದಖ್ಖನ್ ಲಾವಾದ ದಿಕ್ಕುಗಳು: ಲೆಕ್ಕಕ್ಕೆ ಬರುವ ಸಾಕ್ಷಿಗಳೆಷ್ಟು?

ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ಕಪ್ಪುಮಣ್ಣಿನ ಅಡಿಯಲ್ಲಿರುವ ಬಸಾಲ್ಟ್ ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶಗಳನ್ನೂ ಸೇರಿಸಿಕೊಂಡರೆ ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಹೊದ್ದಿರುವ ಈ ದಖ್ಖನ್ ಲಾವಾ ಯಾವ ವೇಗದಲ್ಲಿ ಹೊರಬಂತು ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಲಕ್ಷಾಂತರ ವರ್ಷಗಳ ಕಾಲ ಸಮನಾಗಿ ಹರಿದಿದ್ದರೆ ಅದರ ಜೊತೆ ಬಂದ ಗಂಧಕದ ಅನಿಲಗಳು ಆಗಾಗ ಮಳೆಯಲ್ಲಿ ತೊಳೆದುಹೋಗುತ್ತಿದ್ದವು. ಕೆಲವೇ ದಶಕಗಳ ಬಿರುಸಿನ ಕಂತುಗಳಲ್ಲಿ ಹರಿದಿದ್ದರೆ ಹವಾಮಾನಕ್ಕೆ ಬಿದ್ದ ಪೆಟ್ಟೇ ಬೇರೆ. ಡೈನೋಸಾರ್‌ಗಳ ಅಳಿವಿನಲ್ಲಿ ಮೆಕ್ಸಿಕೋದ ಚಿಕ್ಷುಲೂಬ್ ಬಳಿ ಅಪ್ಪಳಿಸಿದ ಕ್ಷುದ್ರಗ್ರಹದ ಜೊತೆಗೆ ದಖ್ಖನ್‌ಗೂ ಪಾಲಿತ್ತೇ ಎಂಬ ವಾದ ಬಹುಮಟ್ಟಿಗೆ ಈ ವೇಗವನ್ನೇ ಅವಲಂಬಿಸಿದೆ. 2019ರ ಫೆಬ್ರವರಿಯಲ್ಲಿ ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಎರಡು ಬೇರೆ ಚಿತ್ರಗಳನ್ನು ಕೊಟ್ಟವು. ಜಿರ್ಕಾನ್ ಹರಳುಗಳ ಯುರೇನಿಯಂ–ಸೀಸ ಕಾಲನಿರ್ಣಯವನ್ನು ಬಳಸಿದ ಬ್ಲೇರ್ ಶೋನ್ ಮತ್ತು ಸಂಗಡಿಗರಿಗೆ ನಾಲ್ಕು ದೊಡ್ಡ ಕಂತುಗಳು ಕಂಡವು. ಆರ್ಗಾನ್ ವಿಧಾನವನ್ನು ಬಳಸಿದ ಕೋರ್ಟ್ನಿ ಸ್ಪ್ರೇನ್ ಮತ್ತು ಸಂಗಡಿಗರಿಗೆ ಹೆಚ್ಚು ಕಡಿಮೆ ಎಡೆಬಿಡದ ಹರಿವು ಕಂಡಿತು, ಅದರಲ್ಲೂ ಹೆಚ್ಚಿನ ಪಾಲು ಅಳಿವಿನ ನಂತರ ಬಂದದ್ದೆಂದು ತೋರಿತು.

ಈ ವಿವಾದದಲ್ಲಿ ಮೂರನೆಯ ಬಗೆಯ ಪುರಾವೆಯೊಂದಿದೆ. ಅದು ಸಾವಿರಾರು ವರ್ಷಗಳಿಗಿಂತ ಕಿರಿದಾದ ಕಾಲಾವಧಿಯನ್ನೂ ಮುಟ್ಟಬಲ್ಲದು. ವಿಕಿರಣಶೀಲ ಗಡಿಯಾರಗಳು ಅಷ್ಟು ಸಣ್ಣ ಅಂತರವನ್ನು ಅಳೆಯಲಾರವು. ಆ ಪುರಾವೆ ಪ್ರತಿ ಲಾವಾ ಪದರದೊಳಗೆ ಉಳಿದುಕೊಂಡಿರುವ ಕಾಂತೀಯ ದಿಕ್ಕು. ಲಾವಾ ತಣಿಯುತ್ತಾ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಅದರಲ್ಲಿರುವ ಮ್ಯಾಗ್ನೆಟೈಟ್ ಕಣಗಳು ಆ ಹೊತ್ತಿನ ಭೂಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ದಿಕ್ಕನ್ನು ಎರಡು ಕೋನಗಳಲ್ಲಿ ಹೇಳುತ್ತಾರೆ. ಭೌಗೋಳಿಕ ಉತ್ತರದಿಂದ ಎಷ್ಟು ಸರಿದಿದೆ ಎಂಬುದು ದಿಕ್ಪಾತ. ಕ್ಷಿತಿಜದ ಮಟ್ಟದಿಂದ ಎಷ್ಟು ಕೆಳಕ್ಕೆ ಅಥವಾ ಮೇಲಕ್ಕೆ ವಾಲಿದೆ ಎಂಬುದನ್ನು ಇಲ್ಲಿ ಬಾಗು ಎನ್ನೋಣ. ಕ್ಷೇತ್ರಕಾರ್ಯದಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ವ್ಯಾಸದ ಕಲ್ಲಿನ ತುಂಡುಗಳನ್ನು ಡ್ರಿಲ್‌ನಿಂದ ಕೊರೆದು, ತೆಗೆಯುವ ಮೊದಲೇ ಅವುಗಳ ಮೇಲೆ ದಿಕ್ಕಿನ ಗುರುತು ಹಾಕುತ್ತಾರೆ. ಬಸಾಲ್ಟ್ ತಾನೇ ದಿಕ್ಸೂಚಿಯ ಮುಳ್ಳನ್ನು ಎಳೆಯುವುದರಿಂದ ಸೂರ್ಯನ ನೆರಳಿನ ಆಧಾರದಲ್ಲೂ ಉತ್ತರವನ್ನು ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಬಳಿಕ ಪ್ರಯೋಗಾಲಯದಲ್ಲಿ ಶಾಖದಿಂದ ಅಥವಾ ಪರ್ಯಾಯ ಕಾಂತಕ್ಷೇತ್ರದಿಂದ ಹಂತಹಂತವಾಗಿ ಮೇಲುಮೇಲಿನ ಕಾಂತತ್ವವನ್ನು ಅಳಿಸಿದರೆ, ಕೊನೆಗೆ ಉಳಿಯುವುದು ಕಲ್ಲು ಹುಟ್ಟಿದಾಗಿನ ದಿಕ್ಕು.

ಇಲ್ಲಿಯವರೆಗಿನದು ಭೌತಶಾಸ್ತ್ರ. ಇಂಥ ನೂರಾರು ದಿಕ್ಕುಗಳನ್ನು ಒಟ್ಟುಗೂಡಿಸಿ ಒಂದು ತೀರ್ಮಾನಕ್ಕೆ ಬರುವಾಗ ಸಂಖ್ಯಾಶಾಸ್ತ್ರದ ಕೆಲಸ ಶುರುವಾಗುತ್ತದೆ. ಶಾಲೆಯಲ್ಲಿ ಕಲಿತ ಸರಾಸರಿ ಇಲ್ಲಿ ಮೊದಲ ಹೆಜ್ಜೆಯಲ್ಲೇ ಕೈಕೊಡುತ್ತದೆ. 350 ಡಿಗ್ರಿ ಮತ್ತು 10 ಡಿಗ್ರಿ, ಎರಡೂ ಬಹುಪಾಲು ಉತ್ತರವೇ. ಆದರೆ ಅವನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಬರುವುದು 180, ಅಂದರೆ ನೇರ ದಕ್ಷಿಣ. ಆದ್ದರಿಂದ ಪ್ರತಿ ದಿಕ್ಕನ್ನೂ ಒಂದು ಮೂಲಮಾನ ಉದ್ದದ ಬಾಣವೆಂದು ಭಾವಿಸಿ, ಎಲ್ಲ ಬಾಣಗಳನ್ನೂ ತುದಿಗೆ ಬುಡ ತಾಗುವಂತೆ ಒಂದರ ಮುಂದೊಂದು ಇರಿಸಿ, ಮೊದಲ ಬಾಣದ ಬುಡದಿಂದ ಕೊನೆಯ ಬಾಣದ ತುದಿಗೆ ಗೆರೆ ಎಳೆಯಬೇಕು. ಆ ಗೆರೆಯ ದಿಕ್ಕೇ ಸರಾಸರಿ. ಗೆರೆಯ ಉದ್ದ ಬಾಣಗಳ ಒಮ್ಮತವನ್ನು ಹೇಳುತ್ತದೆ: ಎಲ್ಲವೂ ಒಂದೇ ಕಡೆ ನೋಡುತ್ತಿದ್ದರೆ ಉದ್ದವು ಬಾಣಗಳ ಸಂಖ್ಯೆಯಷ್ಟೇ ಇರುತ್ತದೆ, ಚೆಲ್ಲಾಪಿಲ್ಲಿಯಾಗಿದ್ದರೆ ಸೊನ್ನೆಯ ಹತ್ತಿರಕ್ಕೆ ಕುಗ್ಗುತ್ತದೆ.

ಈ ಒಮ್ಮತವನ್ನು ಒಂದು ಸರಿಯಾದ ಮಾದರಿಗೆ ಜೋಡಿಸಿದವರು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್. ಕೇಂಬ್ರಿಡ್ಜ್‌ನಲ್ಲಿ ಯಾನ್ ಹಾಸ್ಪರ್ಸ್ ಐಸ್‌ಲ್ಯಾಂಡಿನ ಲಾವಾ ಪದರಗಳ ಕಾಂತೀಯ ದಿಕ್ಕುಗಳನ್ನು ಅಳೆಯುತ್ತಿದ್ದ ಕಾಲವದು. ಆ ದತ್ತಾಂಶಕ್ಕೆ ತಕ್ಕ ವಿಧಾನವನ್ನು ಫಿಶರ್ 1953ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಮತಲದ ಮೇಲಿನ ದಿಕ್ಕುಗಳಿಗೆ ರಿಚರ್ಡ್ ಫಾನ್ ಮೀಸೆಸ್ 1918ರಲ್ಲೇ ಒಂದು ವಿತರಣೆಯನ್ನು ಸೂಚಿಸಿದ್ದರು. ಫಿಶರ್ ಅವರದು ಗೋಳದ ಮೇಲೆ ಅದಕ್ಕೆ ಸಮನಾದುದು. ಸರಾಸರಿ ದಿಕ್ಕಿನ ಸುತ್ತ ಎಲ್ಲ ಕಡೆಗೂ ಸಮನಾಗಿ ಹರಡಿದ ದಿಕ್ಕುಗಳ ಗುಂಪನ್ನು ಅದು ವರ್ಣಿಸುತ್ತದೆ. ಎಷ್ಟು ಒತ್ತೊತ್ತಾಗಿದೆ ಎಂಬುದನ್ನು ‘ಕೆ’ ಎಂಬ ಒಂದೇ ಸಾಂದ್ರತಾಂಕ ಹೇಳುತ್ತದೆ. ಬಾಣಗಳ ಸಂಖ್ಯೆಯಲ್ಲಿ ಒಂದನ್ನು ಕಳೆದು, ಸಂಖ್ಯೆಗೂ ಒಟ್ಟು ಗೆರೆಯ ಉದ್ದಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿದರೆ ಅದರ ಅಂದಾಜು ದೊರೆಯುತ್ತದೆ. ನಿಜವಾದ ಸರಾಸರಿ ಶೇ 95ರಷ್ಟು ಭರವಸೆಯಿಂದ ಯಾವ ವೃತ್ತದೊಳಗಿದೆ ಎಂದು ತಿಳಿಯಲು ಈ ವಿದ್ಯೆಯಲ್ಲಿ ಬಳಸುವ ಸರಳ ಸೂತ್ರವೂ ಇದೆ: ಸಾಂದ್ರತಾಂಕವನ್ನು ಬಾಣಗಳ ಸಂಖ್ಯೆಯಿಂದ ಗುಣಿಸಿ, ವರ್ಗಮೂಲ ತೆಗೆದು, 140ನ್ನು ಅದರಿಂದ ಭಾಗಿಸಿದರೆ ವಿಶ್ವಾಸವೃತ್ತದ ತ್ರಿಜ್ಯ ಡಿಗ್ರಿಗಳಲ್ಲಿ ಬರುತ್ತದೆ. ಸಾಂದ್ರತಾಂಕ 50 ಇರುವ 8 ದಿಕ್ಕುಗಳಿಗೆ ಅದು 7 ಡಿಗ್ರಿ. ಅದೇ ಸಾಂದ್ರತಾಂಕದ 32 ದಿಕ್ಕುಗಳಿಗೆ 3.5 ಡಿಗ್ರಿ.

ಈ ಡಿಗ್ರಿಗಳು ನೆಲದ ಮೇಲೆ ಏನಾಗುತ್ತವೆ ಎಂಬುದನ್ನು ನೋಡಬೇಕು. ಸಾಕಷ್ಟು ದೀರ್ಘ ಕಾಲದ ಸರಾಸರಿ ತೆಗೆದರೆ ಭೂಕಾಂತಕ್ಷೇತ್ರವು ಭೂಮಿಯ ಅಕ್ಷದ ಗುಂಟ ಇಟ್ಟ ದಂಡಕಾಂತದಂತೆ ವರ್ತಿಸುತ್ತದೆ ಎಂಬುದು ಈ ವಿದ್ಯೆಯ ಮೂಲ ಊಹೆ. ಆಗ ಬಾಗಿನ ಟ್ಯಾನ್ಜೆಂಟ್ ಅಕ್ಷಾಂಶದ ಟ್ಯಾನ್ಜೆಂಟಿನ ಎರಡರಷ್ಟಿರುತ್ತದೆ. ದಖ್ಖನ್ ಪದರಗಳಲ್ಲಿ ಹೆಚ್ಚಿನವು ಉತ್ತರ–ದಕ್ಷಿಣ ಧ್ರುವಗಳು ಅದಲುಬದಲಾಗಿದ್ದ ಕಾಲದವು. ಅವುಗಳ ಬಾಗು ಕೆಳಮುಖವಾಗಿ ಸುಮಾರು 45 ಡಿಗ್ರಿ. ಸೂತ್ರಕ್ಕೆ ಹಾಕಿದರೆ ಅಕ್ಷಾಂಶ 26.6 ಡಿಗ್ರಿ ಬರುತ್ತದೆ, ಅದೂ ಭೂಮಧ್ಯರೇಖೆಯ ದಕ್ಷಿಣಕ್ಕೆ. ಇಂದು 17 ಡಿಗ್ರಿ ಉತ್ತರದ ಆಸುಪಾಸಿನಲ್ಲಿರುವ ನೆಲ ಅಂದು ಅಷ್ಟು ದಕ್ಷಿಣದಲ್ಲಿತ್ತೆಂದರೆ, ನಡುವೆ ಅದು ಸುಮಾರು 4,800 ಕಿಲೋಮೀಟರ್ ಉತ್ತರಕ್ಕೆ ಸರಿದಿದೆ. ಸರಾಸರಿ ತೆಗೆದರೆ ವರ್ಷಕ್ಕೆ ಏಳು ಸೆಂಟಿಮೀಟರಿನಷ್ಟು. ಲಂಡನ್ನಿನ ಜಾನ್ ಕ್ಲೆಗ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ದಖ್ಖನ್ ಅಳತೆಗಳು ಭಾರತದ ಈ ಚಲನೆಗೆ ಸಿಕ್ಕ ಮೊದಮೊದಲ ಭೌತಿಕ ಪುರಾವೆಗಳಲ್ಲಿ ಸೇರಿವೆ. ಭೂಫಲಕಗಳ ಸಿದ್ಧಾಂತ ರೂಪುಗೊಳ್ಳಲು ಆಗ ಇನ್ನೂ ಹತ್ತು ವರ್ಷಗಳಿಗಿಂತ ಹೆಚ್ಚು ಕಾಲವಿತ್ತು. ನಂತರದ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ 1991ರಲ್ಲಿ ವಾಂಡಾಮ್ ಮತ್ತು ಸಂಗಡಿಗರು ಕೊಟ್ಟ ದಖ್ಖನ್ ಧ್ರುವ, ಅಂದರೆ ದಖ್ಖನ್ ಕಲ್ಲುಗಳ ಸರಾಸರಿ ದಿಕ್ಕಿನಿಂದ ಲೆಕ್ಕ ಹಾಕಿದ ಕಾಂತಧ್ರುವದ ಜಾಗ, 37 ಡಿಗ್ರಿ ಉತ್ತರ, 281 ಡಿಗ್ರಿ ಪೂರ್ವದ ಹತ್ತಿರದಲ್ಲಿದೆ. ಅದರ ವಿಶ್ವಾಸವೃತ್ತ 2.4 ಡಿಗ್ರಿ. ಇಂದಿನ ಭೂಪಟದಲ್ಲಿ ಅದು ಅಮೆರಿಕದ ವರ್ಜೀನಿಯಾದಲ್ಲಿ ಬೀಳುತ್ತದೆ. ಧ್ರುವ ಅಲ್ಲಿತ್ತೆಂದು ಯಾರೂ ಹೇಳುವುದಿಲ್ಲ. ಭಾರತ ಎಷ್ಟು ಸರಿದು ತಿರುಗಿದೆ ಎಂಬುದರ ಗುರುತು ಅದು.

26.6 ಡಿಗ್ರಿ ಅಕ್ಷಾಂಶದಲ್ಲಿ ಬಾಗಿನಲ್ಲಾಗುವ ಒಂದು ಡಿಗ್ರಿ ತಪ್ಪು ಅಕ್ಷಾಂಶದಲ್ಲಿ 0.8 ಡಿಗ್ರಿ ತಪ್ಪಾಗುತ್ತದೆ. ಆದ್ದರಿಂದ ಮೇಲಿನ 3.5 ಡಿಗ್ರಿಯ ವೃತ್ತವೆಂದರೆ ಸುಮಾರು 310 ಕಿಲೋಮೀಟರ್, 7 ಡಿಗ್ರಿಯದೆಂದರೆ 620 ಕಿಲೋಮೀಟರ್. ಇವೆರಡರ ನಡುವಿನ ಆಯ್ಕೆ ದತ್ತಾಂಶದ ಸಂಖ್ಯೆಯನ್ನು 8 ಎನ್ನಬೇಕೋ 32 ಎನ್ನಬೇಕೋ ಎಂಬುದರ ಮೇಲೆ ನಿಂತಿದೆ. ಕೇಳಲು ಇದು ಎಣಿಕೆಯ ಮಾತು. ನನ್ನ ದೃಷ್ಟಿಯಲ್ಲಿ ಈ ಇಡೀ ವಿದ್ಯೆಯ ಕಠಿಣ ಪ್ರಶ್ನೆ ಇದೇ. ವಿತರಣೆ ಯಾವುದು, ಸೂತ್ರ ಯಾವುದು ಎಂಬುವು ಇದರ ಮುಂದೆ ಸಲೀಸು.

ಒಂದು ಲಾವಾ ಪದರದಿಂದ ಎಂಟು ತುಂಡುಗಳನ್ನು ಕೊರೆದರೆ ಸಿಗುವುದು ಎಂಟು ಸಾಕ್ಷಿಗಳಲ್ಲ. ಆ ಪದರ ತಣಿದ ಒಂದು ಕ್ಷಣದ ಬಗ್ಗೆ ಒಬ್ಬನೇ ಸಾಕ್ಷಿ ಎಂಟು ಸಲ ನುಡಿದಂತೆ ಅದು. ಅಳತೆಯ ತಪ್ಪು, ಕೊರೆಯುವಾಗಿನ ತಪ್ಪು, ಹಿಂದೆಂದೋ ಬಡಿದ ಸಿಡಿಲಿನಿಂದ ಆದ ವಿಕಾರ ಇವೆಲ್ಲ ಎಂಟರ ಸರಾಸರಿಯಲ್ಲಿ ತಗ್ಗುತ್ತವೆ ನಿಜ. ಆದರೆ ಅಂದಿನ ಕ್ಷೇತ್ರ ತನ್ನ ದೀರ್ಘಕಾಲದ ಸರಾಸರಿಯಿಂದ ಎಷ್ಟು ದೂರವಿತ್ತೋ ಅಷ್ಟೇ ದೂರ ಉಳಿಯುತ್ತದೆ. ಭೂಕಾಂತಕ್ಷೇತ್ರ ಒಂದೇ ಕಡೆ ನಿಲ್ಲುವುದಿಲ್ಲ. ಲಂಡನ್ನಿನಲ್ಲಿ 1580ರಲ್ಲಿ ದಿಕ್ಪಾತ ಪೂರ್ವಕ್ಕೆ ಸುಮಾರು 11 ಡಿಗ್ರಿ ಇತ್ತು. 1820ರ ವೇಳೆಗೆ ಪಶ್ಚಿಮಕ್ಕೆ ಸುಮಾರು 24 ಡಿಗ್ರಿಯಾಗಿತ್ತು. ಎರಡೂವರೆ ಶತಮಾನದಲ್ಲಿ 35 ಡಿಗ್ರಿ! ಈ ಅಲೆದಾಟವನ್ನು ಸರಾಸರಿಯಲ್ಲಿ ಕಳೆಯಬೇಕಾದರೆ ಸಾವಿರಾರು ವರ್ಷಗಳ ಮೇಲೆ ಹರಡಿದ, ಪರಸ್ಪರ ಸಂಬಂಧವಿಲ್ಲದ ಹಲವು ಕ್ಷಣಗಳ ದಾಖಲೆ ಬೇಕು. ಆದ್ದರಿಂದ ತುಂಡುಗಳನ್ನಲ್ಲ, ಪದರಗಳನ್ನು ಎಣಿಸುವುದು ರೂಢಿಯಾಯಿತು.

ಆದರೆ ಪದರಗಳೂ ಪರಸ್ಪರ ಸ್ವತಂತ್ರವೆಂದು ಯಾರು ಹೇಳಿದರು? ಒಂದೇ ಬಿರುಸಿನಲ್ಲಿ, ಕೆಲವು ವರ್ಷಗಳ ಅಂತರದಲ್ಲಿ ಒಂದರ ಮೇಲೊಂದು ಹರಿದ ಐದು ಪದರಗಳು ಒಂದೇ ದಿಕ್ಕನ್ನು ತೋರಿಸುತ್ತವೆ, ಏಕೆಂದರೆ ಅಷ್ಟರಲ್ಲಿ ಕ್ಷೇತ್ರ ಅಲುಗಾಡಿರುವುದಿಲ್ಲ. ಧ್ರುವವನ್ನು ಲೆಕ್ಕ ಹಾಕುವವರಿಗೆ ಇದು ತೊಡಕು. ಆನ್-ಲಿಸ್ ಶೆನೆ, ಫ್ರೆಡೆರಿಕ್ ಫ್ಲೂಟೋ, ವಿನ್ಸೆಂಟ್ ಕುರ್ಟಿಯೋ ಮತ್ತು ಸಂಗಡಿಗರು ಇದೇ ತೊಡಕನ್ನು ತಿರುಗಿಸಿ ಪುರಾವೆಯನ್ನಾಗಿ ಬಳಸಿದರು. ಮಹಾಬಲೇಶ್ವರದ ಕಡಿದಾದ ಇಳಿಜಾರಿನಲ್ಲಿ ಒಂದರ ಮೇಲೊಂದಾಗಿ ಕಾಣುವ 1,200 ಮೀಟರ್ ದಪ್ಪದ ಲಾವಾ ರಾಶಿಯನ್ನು ಅಧ್ಯಯನ ಮಾಡಿ 2008ರಲ್ಲಿ, ಮತ್ತೆ ಹಲವು ಕಡೆಯ ಪದರಗಳ ಸಾಲುಗಳನ್ನು ಒಂದರ ಮೇಲೊಂದು ಜೋಡಿಸಿ ಪಡೆದ, ಒಟ್ಟು 3,500 ಮೀಟರಿನಷ್ಟು ದಪ್ಪದ ಸಂಯುಕ್ತ ಛೇದವನ್ನು ಹಿಡಿದು 2009ರಲ್ಲಿ ಅವರು ಮಂಡಿಸಿದ ವಾದ ಸರಳವಾದದ್ದು: ಅಕ್ಕಪಕ್ಕದ ಪದರಗಳ ದಿಕ್ಕುಗಳು ಅಳತೆಯ ತಪ್ಪಿನ ಮಿತಿಯಲ್ಲಿ ಒಂದೇ ಆಗಿದ್ದರೆ ಅವು ಒಂದು ಶತಮಾನದ ಆಸುಪಾಸಿನ ಅಥವಾ ಅದಕ್ಕೂ ಕಡಿಮೆ ಅವಧಿಯ ಒಂದೇ ಕಂತಿನವು. ಹೀಗೆ ಪದರಗಳನ್ನು ಗುಂಪು ಮಾಡಿದಾಗ, ಬೆಟ್ಟದಷ್ಟು ಲಾವಾ ಕೆಲವೇ ಕೆಲವು ಅಲ್ಪಾವಧಿಯ ಕಂತುಗಳಲ್ಲಿ ಹರಿದಿದೆ ಎಂಬ ಚಿತ್ರ ಮೂಡಿತು.

ಈ ವಾದ ಚೆಲುವಾಗಿದೆ. ಆದರೂ ಅದನ್ನು ಸಂಖ್ಯೆಗಳಿಗೆ ಒಡ್ಡಿ ನೋಡುವುದು ಒಳ್ಳೆಯದು. ಎರಡು ಪದರಗಳ ದಿಕ್ಕುಗಳ ನಡುವೆ ವ್ಯತ್ಯಾಸ ಸಾಬೀತಾಗಲಿಲ್ಲ ಎನ್ನುವುದಕ್ಕೂ ಅವು ಒಂದೇ ಕಾಲದವು ಎನ್ನುವುದಕ್ಕೂ ನಡುವೆ ಅಂತರವಿದೆ. ಕ್ಷೇತ್ರದ ಅಲೆದಾಟದಿಂದ ಉಂಟಾದ ಹರಡಿಗೆ ಫಿಶರ್ ಮಾದರಿಯಲ್ಲಿ ಸಾಂದ್ರತಾಂಕ 50 ಎಂದುಕೊಳ್ಳೋಣ. ಸಾವಿರಾರು ವರ್ಷ ಅಂತರದ, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಪದರಗಳನ್ನು ತೆಗೆದುಕೊಂಡರೂ ಅವುಗಳ ದಿಕ್ಕುಗಳು ಆಕಸ್ಮಿಕವಾಗಿ 5 ಡಿಗ್ರಿಗಳೊಳಗೆ ಹೊಂದುವ ಸಂಭವ ಶೇ 9ರಷ್ಟಿದೆ. ಮಿತಿಯನ್ನು 7 ಡಿಗ್ರಿಗೆ ಸಡಿಲಿಸಿದರೆ ಅದು ಶೇ 17ಕ್ಕೆ ಏರುತ್ತದೆ. ನೂರು ಅನುಕ್ರಮ ಜೋಡಿಗಳಿರುವ ಛೇದದಲ್ಲಿ ಒಂಬತ್ತೋ ಹದಿನೇಳೋ ಜೋಡಿಗಳು ಕೇವಲ ಕಾಕತಾಳೀಯವಾಗಿ ‘ಒಂದೇ ಕಂತಿನವು’ ಎನಿಸಿಕೊಳ್ಳುತ್ತವೆ. ಪ್ರತಿ ಪದರದಿಂದ ಕಡಿಮೆ ತುಂಡು ತೆಗೆದಷ್ಟೂ ವಿಶ್ವಾಸವೃತ್ತ ದೊಡ್ಡದಾಗಿ, ಹೊಂದುವಿಕೆ ಸುಲಭವಾಗಿ, ಕಂತುಗಳು ಹೆಚ್ಚು ದಪ್ಪವಾಗಿ ಕಾಣುತ್ತವೆ. ಅಳತೆ ಒರಟಾದಷ್ಟೂ ಸ್ಫೋಟ ಬಿರುಸಾಗಿ ತೋರುವ ಈ ಗುಣ ಯಾವ ವಾದಕ್ಕಾದರೂ ಅಪಾಯಕಾರಿ. ಮೂರು, ನಾಲ್ಕು, ಐದು ಪದರಗಳು ಸಾಲಾಗಿ ಹೊಂದಿಕೊಂಡರೆ ಮಾತ್ರ ಕಾಕತಾಳೀಯದ ಸಂಭವ ಬೇಗ ಕುಗ್ಗುತ್ತದೆ; ಆದ್ದರಿಂದ ದೊಡ್ಡ ಗುಂಪುಗಳು ಜೋಡಿಗಳಿಗಿಂತ ಎಷ್ಟೋ ಹೆಚ್ಚು ನಂಬಲರ್ಹ. ಹೊರಗಿನ ಒಂದು ತಾಳೆಯೂ ಲಭ್ಯವಿದೆ. ಕೆಲವು ಪದರಗಳ ನಡುವೆ ಕೆಂಪು ಮಣ್ಣಿನ ತೆಳು ಪಟ್ಟಿ ಕಾಣುತ್ತದೆ. ಮೇಲಿನ ಲಾವಾ ಬರುವ ಮೊದಲು ಕೆಳಗಿನದು ಕೊಳೆತು ಮಣ್ಣಾಗುವಷ್ಟು ಬಿಡುವಿತ್ತು ಎಂಬುದರ ಸೂಚನೆ ಅದು. ಅಂಥ ಪಟ್ಟಿಯ ಎರಡೂ ಬದಿಗೆ ಒಂದೇ ದಿಕ್ಕು ಕಂಡರೆ ಕಾಕತಾಳೀಯವನ್ನು ಮೊದಲು ಶಂಕಿಸಬೇಕು.

ಹೀಗೆ ಒಂದೇ ಸಂಗತಿ, ಅಂದರೆ ಎರಡು ಪದರಗಳು ಒಂದೇ ಕಡೆ ನೋಡುತ್ತಿರುವುದು, ಎರಡು ವಿರುದ್ಧ ಪಾತ್ರಗಳನ್ನು ವಹಿಸುತ್ತದೆ. ವೇಗದ ಪ್ರಶ್ನೆಗೆ ಅದೇ ಉತ್ತರ. ಧ್ರುವದ ಪ್ರಶ್ನೆಗೆ ಅದೇ ಅಡ್ಡಿ. 32 ಪದರಗಳು ನಿಜವಾಗಿ 8 ಕಂತುಗಳಿಗೆ ಸೇರಿದವಾಗಿದ್ದರೆ, 32 ಎಂದು ಎಣಿಸಿ ಪಡೆದ 3.5 ಡಿಗ್ರಿಯ ವೃತ್ತ ಸುಳ್ಳು ಭರವಸೆ. ಸರಿಯಾದದ್ದು 7 ಡಿಗ್ರಿಯದು. ಕಂತುಗಳ ವಾದವನ್ನು ಒಪ್ಪುವವರು ಹಳೆಯ ಧ್ರುವದ ಬಿಗಿಯಾದ ವೃತ್ತವನ್ನೂ ಒಟ್ಟಿಗೇ ಒಪ್ಪಲಾಗದು. ಎರಡರಲ್ಲಿ ಒಂದನ್ನು ತಿದ್ದಲೇಬೇಕು. ಇಷ್ಟು ನೇರವಾದ ಹೊಂದಾಣಿಕೆಯನ್ನು ಎರಡೂ ಲೆಕ್ಕಗಳ ನಡುವೆ ಮಾಡದಿದ್ದರೆ, ಒಂದು ಅಧ್ಯಯನದ ತೀರ್ಮಾನ ಮತ್ತೊಂದರ ಊಹೆಯನ್ನು ಕೆಡಿಸುತ್ತಿದೆ ಎಂಬುದು ಯಾರ ಗಮನಕ್ಕೂ ಬಾರದೆ ಹೋಗುತ್ತದೆ.

ಸಾಮಾನ್ಯವಾಗಿ ದತ್ತಾಂಶ ಒತ್ತಾಗಿದ್ದಷ್ಟೂ ನಾವು ಸಂತೋಷಪಡುತ್ತೇವೆ. ಇಲ್ಲಿ ಹಾಗಿಲ್ಲ. ಪದರಗಳ ದಿಕ್ಕುಗಳು ಅತಿಯಾಗಿ ಒಮ್ಮತದಲ್ಲಿದ್ದರೆ ಕ್ಷೇತ್ರದ ಅಲೆದಾಟವೇ ದಾಖಲಾಗಿಲ್ಲವೆಂದು ಅರ್ಥ: ಒಂದೋ ಎಲ್ಲವೂ ಒಂದೇ ಹೊತ್ತಿನಲ್ಲಿ ಹರಿದಿವೆ, ಇಲ್ಲವೇ ಎಲ್ಲವೂ ನಂತರದ ಯಾವುದೋ ಶಾಖದಿಂದ ಒಟ್ಟಿಗೇ ಮರುಕಾಂತವಾಗಿವೆ. ಯೂಟ್ರೆಕ್ಟ್‌ನ ಡೀನೆನ್ ಮತ್ತು ಸಂಗಡಿಗರು 2011ರಲ್ಲಿ, ಇಷ್ಟು ದತ್ತಾಂಶಕ್ಕೆ ಧ್ರುವದ ವಿಶ್ವಾಸವೃತ್ತ ಇದಕ್ಕಿಂತ ದೊಡ್ಡದಿರಬಾರದು ಎಂಬ ಮೇಲಿನ ಮಿತಿಯ ಜೊತೆಗೆ ಇದಕ್ಕಿಂತ ಚಿಕ್ಕದೂ ಇರಬಾರದು ಎಂಬ ಕೆಳಗಿನ ಮಿತಿಯನ್ನೂ ಸೂಚಿಸಿದ್ದು ಇದೇ ಕಾರಣಕ್ಕೆ. ಧ್ರುವಗಳು ಅದಲುಬದಲಾದ ಕಾಲದ ದಿಕ್ಕುಗಳಿಂದ ಮತ್ತೊಂದು ಪರೀಕ್ಷೆ ಸಿಗುತ್ತದೆ. ಧ್ರುವಗಳು ಇಂದಿನಂತೆಯೇ ಇದ್ದ ಸಾಮಾನ್ಯ ಕಾಲ, ಅದಲುಬದಲಾಗಿದ್ದ ವಿಲೋಮ ಕಾಲ ಈ ಎರಡರ ಸರಾಸರಿ ದಿಕ್ಕುಗಳು ಒಂದಕ್ಕೊಂದು ಸರಿಯಾಗಿ 180 ಡಿಗ್ರಿ ಎದುರಾಗಿರಬೇಕು. ಇಂದಿನ ಕ್ಷೇತ್ರದ ಲೇಪವನ್ನು ಪ್ರಯೋಗಾಲಯದಲ್ಲಿ ಪೂರ್ತಿಯಾಗಿ ಕಳೆಯದಿದ್ದರೆ ಅದು ದಖ್ಖನ್‌ನ ಸಾಮಾನ್ಯ ಕಾಲದ ಮೇಲ್ಮುಖ ಬಾಗನ್ನು ತಗ್ಗಿಸುತ್ತದೆ, ವಿಲೋಮ ಕಾಲದ ಕೆಳಮುಖ ಬಾಗನ್ನು ಹೆಚ್ಚಿಸುತ್ತದೆ. ಎರಡೂ ಕಾಲದ ಪದರಗಳು ಸಾಕಷ್ಟು ಇದ್ದರೆ ಈ ತಪ್ಪು ಸರಾಸರಿಯಲ್ಲಿ ಬಹುಮಟ್ಟಿಗೆ ಒಂದನ್ನೊಂದು ಹೊಡೆದುಹಾಕುತ್ತದೆ, ಒಂದೇ ಕಾಲದವು ಇದ್ದರೆ ಪತ್ತೆಯೇ ಆಗುವುದಿಲ್ಲ.

ಇನ್ನು ಮಾದರಿಯ ಆಕಾರದ ಪ್ರಶ್ನೆ. ಫಿಶರ್ ವಿತರಣೆ ಎಲ್ಲ ಕಡೆಗೂ ಸಮನಾದ ದುಂಡನೆಯ ಹರಡನ್ನು ಊಹಿಸುತ್ತದೆ. ಆದರೆ ಭೂಮಧ್ಯರೇಖೆಯ ಹತ್ತಿರದ ಅಕ್ಷಾಂಶಗಳಲ್ಲಿ ಕ್ಷೇತ್ರದ ದಿಕ್ಕುಗಳ ಹರಡು ಬಾಗಿನ ಕಡೆಗೆ ಉದ್ದವಾಗಿ ಎಳೆದಂತಿರುತ್ತದೆ. ಇಂಥ ಅಂಡಾಕಾರದ ಹರಡಿಗೆ ಜಾನ್ ಕೆಂಟ್ 1982ರಲ್ಲಿ ಕೊಟ್ಟ ವಿತರಣೆ ಹೆಚ್ಚು ತಕ್ಕದ್ದು. ಪ್ರತಿ ದಿಕ್ಕನ್ನೂ ಮೊದಲೇ ಒಂದೊಂದು ಧ್ರುವವಾಗಿ ಪರಿವರ್ತಿಸಿ, ಬಳಿಕ ಧ್ರುವಗಳ ಸರಾಸರಿ ತೆಗೆದರೆ ಈ ಉದ್ದನೆಯ ಆಕಾರ ಬಹುಮಟ್ಟಿಗೆ ದುಂಡಗಾಗುತ್ತದೆ. ಇಂದಿನ ಅನೇಕ ಅಧ್ಯಯನಗಳು ಈ ದಾರಿ ಹಿಡಿದಿವೆ. ಲಾವಾದಲ್ಲಿ ಈ ಆಯ್ಕೆಯಿಂದ ಆಗುವ ವ್ಯತ್ಯಾಸ ಸಾಧಾರಣವಾದದ್ದು. ಮರಳುಗಲ್ಲು, ಕೆಸರುಗಲ್ಲುಗಳಲ್ಲಿ ಮಾತ್ರ ಆಕಾರವೇ ಎಲ್ಲವನ್ನೂ ನಿರ್ಧರಿಸುತ್ತದೆ. ನೀರಿನ ತಳದಲ್ಲಿ ಕೂರುವ ಕಾಂತಕಣಗಳು ಮೇಲಿನ ಭಾರಕ್ಕೆ ಒತ್ತಿ ಮಲಗುವುದರಿಂದ ದಾಖಲಾಗುವ ಬಾಗು ನಿಜವಾದ ಬಾಗಿಗಿಂತ ಕಡಿಮೆ ಇರುತ್ತದೆ. ಟ್ಯಾನ್ಜೆಂಟ್ 0.6ರಷ್ಟಕ್ಕೆ ಕುಗ್ಗಿದರೆ 45 ಡಿಗ್ರಿಯ ಬಾಗು 31 ಡಿಗ್ರಿಯಾಗಿ, ಅಕ್ಷಾಂಶ 26.6ರಿಂದ 16.7ಕ್ಕೆ ಇಳಿಯುತ್ತದೆ. ಹತ್ತಿರ ಹತ್ತಿರ 1,100 ಕಿಲೋಮೀಟರಿನ ತಪ್ಪು ಅದು. ಎಷ್ಟೇ ಹೆಚ್ಚು ತುಂಡುಗಳನ್ನು ಅಳೆದರೂ ಕಡಿಮೆಯಾಗದ ತಪ್ಪು, ಏಕೆಂದರೆ ವಿಶ್ವಾಸವೃತ್ತ ಚಿಕ್ಕದಾಗುತ್ತಾ ತಪ್ಪು ಜಾಗದ ಸುತ್ತಲೇ ಬಿಗಿಯಾಗುತ್ತದೆ. ಲೀಸಾ ಟಾಕ್ಸ್ ಮತ್ತು ಡೆನಿಸ್ ಕೆಂಟ್ 2004ರಲ್ಲಿ ಇದಕ್ಕೊಂದು ಜಾಣ ಪರಿಹಾರ ಸೂಚಿಸಿದರು. ಪ್ರತಿ ಅಕ್ಷಾಂಶದಲ್ಲೂ ಹರಡಿನ ಉದ್ದ–ಅಗಲಗಳ ಅನುಪಾತ ಎಷ್ಟಿರಬೇಕು ಎಂದು ಕ್ಷೇತ್ರದ ಮಾದರಿಯೊಂದು ಹೇಳುವುದರಿಂದ, ಅಳೆದ ದಿಕ್ಕುಗಳನ್ನು ಹಂತಹಂತವಾಗಿ ನೆಟ್ಟಗೆ ನಿಲ್ಲಿಸುತ್ತಾ ಹೋಗಿ, ಬಾಗು ಮತ್ತು ಆಕಾರ ಎರಡೂ ಮಾದರಿಗೆ ಒಪ್ಪುವ ಹಂತದಲ್ಲಿ ನಿಲ್ಲಬೇಕು. ಹರಡನ್ನು ತೊಂದರೆಯೆಂದು ಕಳೆಯುವ ಬದಲು ಅದರ ಆಕಾರವನ್ನೇ ಮಾಹಿತಿಯಾಗಿ ಬಳಸುವ ಈ ವಿಧಾನಕ್ಕೆ ನೂರಕ್ಕೂ ಹೆಚ್ಚು ಸ್ವತಂತ್ರ ದಿಕ್ಕುಗಳು ಬೇಕಾಗುತ್ತವೆ. ಸ್ವತಂತ್ರ ಎಂಬ ಮಾತು ಮತ್ತೆ ಇಲ್ಲಿಯೂ ಬಂತು.

ಹಿಮಾಲಯದ ಹುಟ್ಟಿನ ಚರ್ಚೆಯಲ್ಲಿ ಈ ಕಿಲೋಮೀಟರ್‌ಗಳು ನೇರವಾಗಿ ಪಾಲ್ಗೊಳ್ಳುತ್ತವೆ. ಭಾರತ ಮತ್ತು ಏಷ್ಯಾ ಯಾವಾಗ ಡಿಕ್ಕಿ ಹೊಡೆದವು, ಭಾರತದ ಉತ್ತರ ಅಂಚು ಎಷ್ಟು ಚಾಚಿಕೊಂಡಿತ್ತು, ನಡುವೆ ಈಗ ಕಾಣೆಯಾಗಿರುವ ಕಡಲೊಂದಿತ್ತೇ ಎಂಬ ಪ್ರಶ್ನೆಗಳಿಗೆ ಟಿಬೆಟ್ ಮತ್ತು ಹಿಮಾಲಯದ ಕಲ್ಲುಗಳ ಅಕ್ಷಾಂಶವನ್ನು ದಖ್ಖನ್‌ನಂಥ ಉಲ್ಲೇಖ ಧ್ರುವಗಳ ಜೊತೆ ಹೋಲಿಸಿಯೇ ಉತ್ತರಿಸಬೇಕು. ಡೇವಿಡ್ ರೌಲಿ 2019ರಲ್ಲಿ ಇದೇ ಪ್ರಶ್ನೆಯನ್ನು ಹಿಡಿದು ಹೊರಟಾಗ ಕಂಡದ್ದು ಕಸಿವಿಸಿ ಹುಟ್ಟಿಸುವ ಸಂಗತಿ: ಉಲ್ಲೇಖ ಪಥವನ್ನು, ಅಂದರೆ ಬೇರೆ ಬೇರೆ ಕಾಲದ ಧ್ರುವಗಳನ್ನು ಕಾಲಕ್ರಮದಲ್ಲಿ ಜೋಡಿಸಿದ ಗೆರೆಯನ್ನು, ರೂಪಿಸಲು ಬಳಸಿದ ಧ್ರುವಗಳಲ್ಲೇ ಅರ್ಧಕ್ಕಿಂತ ಹೆಚ್ಚಿನವು, ಅವೇ ರೂಪಿಸಿದ ಪಥದಿಂದ ಸಂಖ್ಯಾಶಾಸ್ತ್ರೀಯವಾಗಿ ಬೇರೆ ಎನಿಸಿಕೊಳ್ಳುತ್ತವೆ. ಶೇ 95ರ ವೃತ್ತಗಳು ಹೇಳಿದ ಮಾತಿಗೆ ತಕ್ಕಂತಿದ್ದರೆ ನೂರರಲ್ಲಿ ಐದಾರು ಹಾಗೆ ತಪ್ಪಬಹುದಿತ್ತು. ಈ ಬಿರುಕಿನ ಒಂದು ದೊಡ್ಡ ಕಾರಣವನ್ನು ಬ್ರಾಮ್ ವೇಸ್, ಡೌವೆ ಫಾನ್ ಹಿನ್ಸ್‌ಬರ್ಗೆನ್ ಮತ್ತು ಸಂಗಡಿಗರು ನಂತರದ ವರ್ಷಗಳಲ್ಲಿ ಎತ್ತಿ ತೋರಿಸಿದರು. ಹಳೆಯ ಪದ್ಧತಿಯಲ್ಲಿ ಪ್ರತಿ ಅಧ್ಯಯನದ ಧ್ರುವಕ್ಕೂ ಒಂದೇ ತೂಕ. ಐದು ತಾಣಗಳಿಂದ (ಲಾವಾದಲ್ಲಿ ತಾಣವೆಂದರೆ ಒಂದು ಪದರ) ಬಂದದ್ದಕ್ಕೂ ಇನ್ನೂರು ತಾಣಗಳಿಂದ ಬಂದದ್ದಕ್ಕೂ ಭೇದವಿಲ್ಲ. ಸರಾಸರಿಗಳ ಸರಾಸರಿ ತೆಗೆದಾಗ ಒಳಗಿನ ಅನಿಶ್ಚಿತತೆ ಮಾಯವಾಗಿ, ವೃತ್ತ ಮೋಸದಷ್ಟು ಚಿಕ್ಕದಾಗುತ್ತದೆ. ಅವರು ತಾಣಮಟ್ಟದ ದಿಕ್ಕುಗಳಿಗೇ ಮರಳಿ ಕಳೆದ 32 ಕೋಟಿ ವರ್ಷಗಳ ಪಥವನ್ನು ಹೊಸದಾಗಿ ಲೆಕ್ಕ ಹಾಕಿದ್ದಾರೆ.

ಕಾಂತತ್ವದ ಆಚೆಗೂ ಇದೇ ಎಣಿಕೆಯ ತೊಡಕು ಹಬ್ಬಿದೆ. ಬಾದಾಮಿಯ ಮರಳುಗಲ್ಲಿನಲ್ಲಿ ಓರೆಯಾಗಿ ಬಿದ್ದ ಪದರಗಳು ಹಳೆಯ ನೀರು ಹರಿದ ದಿಕ್ಕನ್ನು ಹೇಳುತ್ತವೆ. ಆದರೆ ಒಂದೇ ಬಂಡೆಯಲ್ಲಿ ನೂರು ಅಳತೆ ತೆಗೆದರೆ ಆ ನದಿಯ ಒಂದು ತಿರುವಿನ ಪರಿಚಯವಾಗುತ್ತದೆ, ನದಿಯದಲ್ಲ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಸೇನ್‌ಗುಪ್ತ ಮತ್ತು ಜಮ್ಮಲಮಡಕ ಶ್ರೀನಿವಾಸ ರಾವ್ ಗೋದಾವರಿ ಕಣಿವೆಯ ಭೀಮಾರಂ ಸುತ್ತಲಿನ ಇಂಥ ಓರೆಪದರಗಳ ದಿಕ್ಕುಗಳನ್ನು ವಿಶ್ಲೇಷಿಸಿ 1966ರಲ್ಲಿ ‘ಸಾಂಖ್ಯ’ ಪತ್ರಿಕೆಯಲ್ಲಿ ಬರೆದರು. ರಾವ್ ಮುಂದೆ ದಿಕ್ಕುಗಳ ಸಂಖ್ಯಾಶಾಸ್ತ್ರದಲ್ಲೇ ದೊಡ್ಡ ಹೆಸರಾದರು. ಬೆಂಗಳೂರಿನ ಸುತ್ತ ಗ್ರಾನೈಟ್ ಮತ್ತು ನೈಸ್ ಕಲ್ಲುಗಳನ್ನು ಪೂರ್ವ–ಪಶ್ಚಿಮವಾಗಿ ಸೀಳಿಕೊಂಡು ಹೋಗಿರುವ, ಸುಮಾರು 237 ಕೋಟಿ ವರ್ಷ ಹಳೆಯ ಡೈಕ್‌ಗಳಲ್ಲಿ (ಬಿರುಕುಗಳೊಳಗೆ ನುಗ್ಗಿ ಗೋಡೆಯಂತೆ ಗಟ್ಟಿಯಾದ ಶಿಲಾರಸದಲ್ಲಿ) ಇನ್ನೊಂದು ಬಗೆಯ ಎಚ್ಚರ ಬೇಕು. ಡೈಕಿಗೆ ತಲೆ–ಬಾಲಗಳಿಲ್ಲ, 5 ಡಿಗ್ರಿಯೂ 185 ಡಿಗ್ರಿಯೂ ಅದಕ್ಕೆ ಒಂದೇ. ಕೋನವನ್ನು ಎರಡರಿಂದ ಗುಣಿಸಿ ಸರಾಸರಿ ತೆಗೆದು ಮತ್ತೆ ಅರ್ಧ ಮಾಡುವ ಉಪಾಯ ಇದಕ್ಕಿದೆ. ಆದರೆ ಒಂದೇ ಕೇಂದ್ರದಿಂದ ಸುತ್ತಲೂ ಹರಡಿದ ಡೈಕ್‌ಗಳ ಗುಂಪಿಗೆ ಸರಾಸರಿ ದಿಕ್ಕು ಎಂಬುದೇ ಅರ್ಥಹೀನ, ಏಕೆಂದರೆ ಆ ಕೇಂದ್ರ ಎಲ್ಲಿತ್ತೆಂಬ ಸುಳಿವು ಸರಾಸರಿಯಿಂದ ದೂರ ಸರಿಯುವ ರೀತಿಯಲ್ಲೇ ಅಡಗಿರುತ್ತದೆ. ಅಲ್ಲಿ ದಿಕ್ಕನ್ನು ಸ್ಥಳದ ಫಲನವಾಗಿ ಬರೆಯಬೇಕು.

ದಖ್ಖನ್‌ನ ವೇಗದ ಪ್ರಶ್ನೆಗೆ ಮರಳಿದರೆ, ಪದರಗಳನ್ನು ಗುಂಪಿಗೆ ಸೇರಿದೆ ಅಥವಾ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳುವ ಅಗತ್ಯ ಈಗ ಉಳಿದಿಲ್ಲ. ತುಂಡಿನ ತಪ್ಪು, ಪದರದ ದಿಕ್ಕು, ಕಂತಿನ ದಿಕ್ಕು, ಕ್ಷೇತ್ರದ ಅಲೆದಾಟ ಎಂಬ ನಾಲ್ಕು ಮಟ್ಟಗಳನ್ನು ಒಂದರೊಳಗೊಂದು ಇರಿಸಿ, ಪ್ರತಿ ಎರಡು ಪದರಗಳ ನಡುವೆ ಎಷ್ಟು ಕಾಲ ಕಳೆದಿರಬಹುದು ಎಂಬುದನ್ನು ಸಂಭವನೀಯತೆಯಾಗಿಯೇ ಉಳಿಸಿಕೊಂಡು ಲೆಕ್ಕ ಹಾಕುವ ಶ್ರೇಣೀಕೃತ ಮಾದರಿಗಳು ಇಂದಿನ ಕಂಪ್ಯೂಟರ್‌ಗಳಿಗೆ ಭಾರವಲ್ಲ. ಯುರೇನಿಯಂ–ಸೀಸ ಮತ್ತು ಆರ್ಗಾನ್ ಕಾಲನಿರ್ಣಯಗಳನ್ನೂ ಅದೇ ಮಾದರಿಯೊಳಗೆ ತರಬಹುದು. ಆಗ 2019ರ ಎರಡು ಚಿತ್ರಗಳಲ್ಲಿ ಯಾವುದು ದಿಕ್ಕುಗಳಿಗೆ ಹೆಚ್ಚು ಒಪ್ಪುತ್ತದೆ ಎಂದು ನೇರವಾಗಿ ಕೇಳಬಹುದು. ಕೊರತೆ ಇರುವುದು ದತ್ತಾಂಶ ಉಳಿದಿರುವ ರೂಪದಲ್ಲಿ. ತುಂಡುಗಳ ಮಟ್ಟದ ಅಳತೆಗಳನ್ನು ಕಾಪಿಡಲು ಮ್ಯಾಜಿಕ್ ಎಂಬ ಅಂತರರಾಷ್ಟ್ರೀಯ ದತ್ತಕೋಶ ಈಗ ಇದೆ, ಆದರೆ ಹಳೆಯ ಪ್ರಬಂಧಗಳು ಸಾಮಾನ್ಯವಾಗಿ ಸರಾಸರಿ ದಿಕ್ಕು, ಸಾಂದ್ರತಾಂಕ, ಸಂಖ್ಯೆ ಇಷ್ಟನ್ನೇ ಮುದ್ರಿಸುತ್ತಿದ್ದವು. ಧ್ರುವದ ಲೆಕ್ಕಕ್ಕೆ ಅಷ್ಟು ಸಾಕು. ಆ ಮೂರು ಅಂಕಿಗಳಿಂದ ಫಿಶರ್ ವಿತರಣೆಗೆ ಅನುಗುಣವಾದ ದಿಕ್ಕುಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಹುಟ್ಟಿಸಿ ತಾಣಮಟ್ಟದ ವಿಶ್ಲೇಷಣೆ ಮಾಡಬಹುದು, ವೇಸ್ ಮತ್ತು ಸಂಗಡಿಗರು ಮಾಡಿದ್ದೂ ಅದನ್ನೇ. ವೇಗದ ಲೆಕ್ಕಕ್ಕೆ ಅದು ಸಾಲದು. ಯಾವ ಪದರದ ಮೇಲೆ ಯಾವುದಿತ್ತು ಎಂಬ ಕ್ರಮ ಆ ಮೂರು ಅಂಕಿಗಳಲ್ಲಿ ಇಲ್ಲ. ಹಳೆಯ ಕ್ಷೇತ್ರಪುಸ್ತಕಗಳು ಸಿಗದಿದ್ದಲ್ಲಿ ಅಂಥ ಛೇದಗಳನ್ನು ಬುಡದಿಂದ ತುದಿಯವರೆಗೆ ಮತ್ತೆ ಕೊರೆಯಬೇಕು.